ಮೂರನೇ ಕೂಗಿನ ನಂತರ

ಕೋಲಾರದ ಹಳೆಯ ಚಿನ್ನದ ಗಣಿ,
ಹನ್ನೊಂದನೇ ಅಂತಸ್ತು (ಮೇಲಿನಿಂದ ಕೆಳಕ್ಕೆ ಎಣಿಸಿ)
ಎರಡನೇ ಮೇ ತಿಂಗಳ 34, 2203

ಹೆಸರು ತಿಳಿಯದ ಅಮ್ಮನವರಿಗೆ ರೂತ್ ಕನಕವಲ್ಲಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಒಂದು ಮೇ ತಿಂಗಳಿಗೆ ಬಿಸಿಲು ಮುಗಿಯದೆ ಹೋದಾಗ ನಮ್ಮ ಹಿರಿಯರು ಇನ್ನೊಂದನ್ನು ಸೇರಿಸಿದರು, ಅದಕ್ಕೆ ದಿನಗಳನ್ನೂ ಹೆಚ್ಚು ಕೊಟ್ಟರು. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ಅದನ್ನು ನಾನು ಹೆಚ್ಚಾಗಿ ಹಾಡುಗಳಿಂದ ಕಲಿತೆ, ಹಾಡುಗಳಲ್ಲಿ ಜನ ಒಂದೋ ಪ್ರೀತಿಸುತ್ತಾರೆ, ಇಲ್ಲವೇ ಅಳುತ್ತಾರೆ. ಈ ಕಾಗದ ಕಳೆದುಹೋದ ಕಾಲಕ್ಕೆ ಒಯ್ಯುವ ಹಿಂಗಾಲದ ಅಂಚೆಯಲ್ಲಿ ಬರುತ್ತಿದೆ. ಅದು ವಿಳಾಸ ಕೇಳುವುದಿಲ್ಲ. ಧ್ವನಿಯ ಒಂದು ತುಣುಕು ಕೊಟ್ಟರೆ ಆ ಧ್ವನಿಯವರನ್ನು ಹುಡುಕಿಕೊಂಡು ಹೋಗುತ್ತದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಆ ಕಡೆಯಿಂದ ಉತ್ತರ ಬರುವ ದಾರಿಯಿಲ್ಲ.

ನಾವು ಸುರಂಗಗಳಲ್ಲಿ ಬದುಕುತ್ತೇವೆ, ಒಬ್ಬೊಬ್ಬರಿಗೆ ಒಂದೊಂದು ಗೂಡು. ಊಟ ಗೋಡೆಯ ಕಿಂಡಿಯಿಂದ ಬೆಚ್ಚಗೆ ಬರುತ್ತದೆ. ದೀಪ ಬೇಕಾದರೂ ನೀರು ಬೇಕಾದರೂ ಗೋಡೆಯಾಳಿಗೆ ಹೇಳುತ್ತೇವೆ. ಅದು ಗೋಡೆಯೊಳಗೆ ಕೂತು ನಮ್ಮ ಮಾತು ಕೇಳುವ ಯಂತ್ರ. ಮನುಷ್ಯರನ್ನು ಕರೆಯುವ ಪ್ರಮೇಯವೇ ಬರುವುದಿಲ್ಲ. ವಾರಕ್ಕೊಮ್ಮೆ ಮಾತ್ರ ಗಣಿಯ ದೊಡ್ಡ ಹಜಾರದಲ್ಲಿ ಜನ ಸೇರುತ್ತಾರೆ. ಅಲ್ಲಿ ನಾನು ಜಾಝ್ ಹಾಡುತ್ತೇನೆ. ನಿಮ್ಮ ಕಾಲದ ಜನಪ್ರಿಯ ಹಾಡುಗಳನ್ನು ಅಳಿದುಳಿದ ಧ್ವನಿಮುದ್ರಣಗಳಿಂದ ಹೆಕ್ಕಿ, ಎಳೆದು, ಬಾಗಿಸಿ, ಪ್ರತಿ ಸಲವೂ ಬೇರೆಯಾಗಿ ಹಾಡುವುದು ನನ್ನ ಕಸುಬು.

ನನಗೆ ಹೆಸರು ತಂದದ್ದು ನಿಮ್ಮ ಹಾಡು. ನಿಮ್ಮ ಕಾಲಕ್ಕೇ ಅದು ಹಳತು; "ನಮ್ಮಮ್ಮ ರೇಡಿಯೋದಲ್ಲಿ ಕೇಳ್ತಿದ್ದಿದ್ದು" ಎಂದು ನೀವೇ ನಿಮ್ಮ ಮುದ್ರಣದ ಮೊದಲಿಗೆ ಹೇಳಿದ್ದೀರಿ. ಆ ಹಾಡಿನ ಬೇರೆ ಮುದ್ರಣ ಯಾವುದೂ ಉಳಿದಿಲ್ಲ. ಎರಡನೇ ಚರಣದ ನಡುವೆ ಮೂರು ಸಲ ಒಂದು ಚೂಪಾದ ಸ್ವರ ಏರುತ್ತದೆ. ಕೂಡಲೇ ನೀವು "ಮೂರು ಸಲ ಕೂಗ್ತು ಕಣೇ ವಾರಿಜಾ, ಸ್ಟವ್ ಆರ್ಸು" ಎನ್ನುತ್ತೀರಿ. ಅಲ್ಲಿಗೆ ಮುದ್ರಣ ನಿಂತುಬಿಡುತ್ತದೆ.

ಹಾಡು ಅಲ್ಲಿಗೇ ಮುಗಿಯುತ್ತದೆಂದು ನಾನು ನಂಬಿದ್ದೆ. ಕೂಗುವುದು ಯಾವುದೋ ಹಕ್ಕಿ, ಆರಿಸಬೇಕಾದದ್ದು ವಿರಹದ ಉರಿ ಎಂದು ಅರ್ಥವನ್ನೂ ಹಚ್ಚಿದ್ದೆ. ನಮ್ಮ ಸ್ಯಾಕ್ಸೊಫೋನಿನವನು ಆ ಮೂರು ಕೂಗುಗಳನ್ನು ನುಡಿಸಲು ಎಂಟು ತಿಂಗಳು ತೆಗೆದುಕೊಂಡ. ಹನ್ನೆರಡು ವರ್ಷ ಹಾಡಿದೆ. "ಸ್ಟವ್ ಆರ್ಸು" ಎಂಬಲ್ಲಿಗೆ ಬಂದರೆ ನಾನೂರು ಜನ ಕಣ್ಣೊರೆಸಿಕೊಳ್ಳುತ್ತಿದ್ದರು.

ಕಳೆದ ತಿಂಗಳು ಹಳೆಯ ಸಾಮಾನುಗಳ ಕೋಣೆ ಕಾಯುವ ಚೌರಪ್ಪನವರು ಮೊದಲ ಸಲ ಕೇಳಲು ಬಂದರು. ಹೊಟ್ಟೆ ಹುಣ್ಣಾಗುವಂತೆ ನಕ್ಕು, ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಅದು ರಾಗ ಅಲ್ಲಮ್ಮ, ಬೇಳೆ ಬೆಂದಿರೋದು" ಎಂದರು. ಮುಚ್ಚಳಕ್ಕೆ ಸಣ್ಣ ತೂಕವಿದ್ದ ಒಂದು ಪಾತ್ರೆಯನ್ನು ತೋರಿಸಿ, ಅದಕ್ಕೆ ಕುಕ್ಕರ್ ಎನ್ನುತ್ತಾರೆಂದು ವಿವರಿಸಿದರು.

ನನಗೆ ನಾಚಿಕೆಯಾಯಿತು. ಅದು ಎರಡು ದಿನದಲ್ಲಿ ಹೋಯಿತು. ಆಮೇಲೆ ಬಂದದ್ದು ಹೋಗುತ್ತಿಲ್ಲ. ನೀವು ಹಾಡುತ್ತಿದ್ದಾಗ ಆ ಮನೆಯಲ್ಲಿ ಇನ್ನೊಬ್ಬಳಿದ್ದಳು. ನೀವು ಎದ್ದು ಹೋಗಿ ನೋಡಲಿಲ್ಲ, ಕೂತಲ್ಲಿಂದಲೇ ಕರೆದಿರಿ, ಅವಳು ಕೇಳಿಸಿಕೊಳ್ಳುತ್ತಾಳೆಂದು ನಿಮಗೆ ಗೊತ್ತಿತ್ತು. ನನ್ನನ್ನು ಯಾರೂ ಹಾಗೆ ಕರೆದಿಲ್ಲ. ನಾನೂ ಒಂದು ದಿನ ಗೂಡಿನಲ್ಲಿ ಕೂತು "ವಾರಿಜಾ" ಎಂದು ಕೂಗಿ ನೋಡಿದೆ. ಆ ಹೆಸರಿನವರು ಇಲ್ಲಿ ಇಲ್ಲವೆಂದು ಗೋಡೆಯಾಳು ವಿನಯದಿಂದ ತಿಳಿಸಿತು. ಹಾಡುವವಳಾದ ನಾನು ಅವತ್ತು ಬಿಕ್ಕಿ ಬಿಕ್ಕಿ ಅತ್ತೆ.

ನೀವು ಹಾಡುವ ದಿನಕ್ಕೆ ಒಂದು ವಾರ ಮೊದಲು ತಲುಪುವಂತೆ ಇದನ್ನು ಕಳಿಸುತ್ತಿದ್ದೇನೆ. ಉಳಿದ ಚರಣವನ್ನು ಹಾಡಿಡಿ ಎಂದು ಕೇಳಬೇಕಿತ್ತು. ಸಂಗೀತದವರೆಲ್ಲ ಅದನ್ನೇ ಕೇಳು ಎಂದರು. ನನಗೆ ಬೇಕಾದದ್ದು ಅದಲ್ಲ. ವಾರಿಜಾಳನ್ನು ಕರೆದ ಮೇಲೆ ಮುದ್ರಣವನ್ನು ತಕ್ಷಣ ನಿಲ್ಲಿಸಬೇಡಿ. ಅವಳು ಓಗೊಡುವವರೆಗೆ ಬಿಡಿ. ಗೊಣಗಿದರೂ ಸರಿ, "ಹೂಂ" ಎಂದರೂ ಸಾಕು.

ಆ ಮುದ್ರಣ ಇವತ್ತಿನವರೆಗೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು ಇದೆ. ನಾಳೆ ಬೆಳಿಗ್ಗೆ ಮತ್ತೆ ತೆರೆದು ನೋಡುತ್ತೇನೆ.