ಕೊನೆಯ ರೀಲಿಗೊಂದು ತಿದ್ದುಪಡಿ

ಎದುರು ಪತ್ರಿಕೆಯ ಗೆಳೆಯರಾದ ವಸಂತ ಅವರಿಗೆ,

ನೀವು ಹೋಗಿ ವರ್ಷವಾಯಿತು. ನಿಮ್ಮ ನಿಧನದ ಸುದ್ದಿಯನ್ನು ನಮ್ಮ ಪತ್ರಿಕೆಗೆ ನಾನೇ ಬರೆದೆ, ನಾಲ್ಕು ಸಾಲು. ನೀವಾಗಿದ್ದರೆ ಮೂರರಲ್ಲಿ ಮುಗಿಸುತ್ತಿದ್ದಿರಿ. ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ.

ಅಂಬಿಕಾನಗರದ ವಿದ್ಯುತ್ ಯೋಜನೆಯ ಕಾಲೊನಿ ಕ್ಲಬ್ಬಿನಲ್ಲಿ ಒಂದು ಭಾನುವಾರ ಮಧ್ಯಾಹ್ನ ಹಳೆಯ ಕಪ್ಪು-ಬಿಳುಪು ಸಿನಿಮಾ ಹಾಕಿದ್ದರು, ನೆನಪಿದೆಯೇ? ಅದರಲ್ಲಿ ಎರಡು ಪತ್ರಿಕೆಗಳ ಇಬ್ಬರು ವರದಿಗಾರರು, ಒಬ್ಬ ಗಂಡು, ಒಬ್ಬಳು ಹೆಣ್ಣು. ಒಬ್ಬರ ಸುದ್ದಿ ಇನ್ನೊಬ್ಬರು ಕದಿಯುವುದು, ಕಿತ್ತಾಡುವುದು, ಮತ್ತೆ ಒಂದೇ ಮೇಜಿನಲ್ಲಿ ಚಹಾ ಕುಡಿಯುವುದು. ನೀವು ದಾಂಡೇಲಿಯ ವರದಿಗಾರ, ನಾನು ಹಳಿಯಾಳದವಳು. ತೆರೆಯ ಮೇಲೆ ನಮ್ಮನ್ನೇ ಕಂಡು ಬಿದ್ದು ಬಿದ್ದು ನಕ್ಕೆವು. "ಇವ್ರ ಕಥಿ ಹೆಂಗ ಮುಗೀತೈತಿ ನೋಡೂಣು. ಆಮ್ಯಾಲ ನಿಮಗ ಒಂದ್ ಮಾತು ಕೇಳೂದೈತಿ" ಎಂದಿರಿ.

ಮುಗಿಯುವ ಮೊದಲೇ ಹುಬ್ಬಳ್ಳಿ ಬಸ್ಸಿನ ಹೊತ್ತಾಯಿತು. ಆಗೆಲ್ಲ ಪತ್ರಿಕೆಯ ಕಚೇರಿಗೆ ಸುದ್ದಿಯ ಲಕೋಟೆ ಕಂಡಕ್ಟರ್ ಕೈಯಲ್ಲೇ ಹೋಗಬೇಕಲ್ಲ. ನನ್ನದನ್ನೂ ತೆಗೆದುಕೊಂಡು ಎದ್ದಿರಿ. "ನೀವು ಕುಂದರ್ರಿ ಸುಮಿತ್ರಾಬಾಯಾರ, ಕಡೀಕ ಏನಾತು ನಾಳೆ ಹೇಳ್ರಿ." ನೀವು ಗೇಟು ದಾಟಿದಿರೋ ಇಲ್ಲವೋ, ಊರೂರಿಗೆ ಬೆಳಕು ಕೊಡುವ ಆ ಕಾಲೊನಿಯಲ್ಲೇ ಕರೆಂಟ್ ಹೋಯಿತು. ಸಿನಿಮಾ ಅಲ್ಲಿಗೇ ನಿಂತಿತು.

ಮರುದಿನ ಹಳಿಯಾಳದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೇಳಿದಿರಿ, "ಮದುವಿ ಆತೇನ್ರಿ ಅವ್ರದು?" ನೋಡಲಿಲ್ಲ ಎನ್ನಲು ನನಗೇನು ಧಾಡಿ? ವರದಿಗಾರ್ತಿಯ ಜಂಬ. "ಎಲ್ಲೀ ಮದುವಿರೀ, ತಮ್ಮ ತಮ್ಮ ಪೇಪರಿಗೆ ಹೊಳ್ಳಿ ಹೋದ್ರು" ಎಂದುಬಿಟ್ಟೆ. ಎಂದಿನಂತೆ ಜಗಳಕ್ಕೆ ಬರುತ್ತೀರಿ, ಆ ಒಂದು ಮಾತು ಆಗಲಾದರೂ ಹೊರಗೆ ಬರುತ್ತದೆ ಅಂದುಕೊಂಡು... ನೀವು "ಹೌದೇನ್ರಿ" ಎಂದು ಕಪ್ಪು ಕೆಳಗಿಟ್ಟಿರಿ. ನನ್ನ ಪ್ರತಿ ಸುದ್ದಿಗೂ ತಕರಾರು ತೆಗೆಯುತ್ತಿದ್ದವರು ಇದೊಂದನ್ನೇ ಯಾಕೆ ನಂಬಿದಿರಿ?

ಮುಂದೆ ಸನವಳ್ಳಿಯಲ್ಲಿ ನಿಮ್ಮ ಮದುವೆಯಾಯಿತು. ನಾನೂ ಬಂದು ಎರಡು ಹೋಳಿಗೆ ತಿಂದೆ. ನಿಮ್ಮಾಕೆ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ನಾನು ಒಂಟಿಯಾಗಿಯೇ ಉಳಿದೆ. ಅದಕ್ಕೆ ನೀವೇ ಕಾರಣ ಎಂದೇನೂ ಅಲ್ಲ... ಸ್ವಲ್ಪ ಹೌದು.

ಮೊನ್ನೆ ಕುಳಗಿಗೆ ಹೋಗುವಾಗ ಬಸ್ಸಿನಲ್ಲಿ, ಮೊಬೈಲಿನಲ್ಲಿ ಅದೇ ಸಿನಿಮಾ ಸಿಕ್ಕಿತು. ಕೊನೆಯ ತನಕ ನೋಡಿದೆ. ಇಷ್ಟು ವರ್ಷಗಳಲ್ಲಿ ಕಣ್ಣಾರೆ ಕಾಣದೆ ನಾನು ಕೊಟ್ಟ ಸುದ್ದಿ ಚಹಾದಂಗಡಿಯ ಅದೊಂದೇ. ತಪ್ಪು ಅಚ್ಚಾದರೆ ತಿದ್ದುಪಡಿ ಹಾಕಲೇಬೇಕು ಎಂದು ಹಟ ಹಿಡಿಯುತ್ತಿದ್ದವರು ನೀವು. ತಗೊಳ್ಳಿ.

ತಿದ್ದುಪಡಿ: ಇಬ್ಬರೂ ಮದುವೆಯಾಗುತ್ತಾರೆ. ಮೊದಲು ಕೇಳುವುದು ಅವಳು. ತಪ್ಪಿಗೆ ವಿಷಾದಿಸುತ್ತೇನೆ.

ಸುಮಿತ್ರಾ, ಹಳಿಯಾಳ