ಮೊಣಕಾಲವರೆಗಿನ ಹೊಳೆ

ಇಸ್ತ್ರಿ ಅಂಗಡಿಯಿಂದ,
ಮಾರ್ಚ್ ೧೨, ಮಂಗಳವಾರ

ನನ್ನ ಬಂಗಾರದಂಥ ಪುಟ್ಟೀ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಕಂಡವರ ಕೂದಲು ಕತ್ತರಿಸುತ್ತ ನಿಂತಲ್ಲೇ ಬನ್ನು ತಿನ್ನುತ್ತಿದ್ದೀಯೋ? ಕಾಲು ನೋಯುತ್ತದೆಯೇ? ಈ ಪ್ರಶ್ನೆಗೆ ಮಾತ್ರ ಸುಳ್ಳು ಹೇಳಬೇಡ. ನಿನ್ನಪ್ಪ ಗುಂಡುಕಲ್ಲಿನ ಹಾಗಿದ್ದಾರೆ. ನಾನು ಆಸ್ಪತ್ರೆಗೆ ಹೋದ ದಿನ ಅಂಗಡಿ ನೋಡಿಕೊಂಡು, ಪ್ಯಾಂಟುಗಳಿಗೆಲ್ಲ ಎರಡೆರಡು ಗೆರೆ ಕೂರಿಸಿದ್ದಾರೆ. ಗಿರಾಕಿಗಳು ಪಾಪ, ಅದನ್ನೇ ತೊಟ್ಟುಕೊಂಡು ಓಡಾಡಿದರು.

ಹೌದು, ಆಸ್ಪತ್ರೆ. ಗಾಬರಿಯಾಗಬೇಡ. ನನ್ನ ಎಡಗಾಲಿನ ಉಬ್ಬಿದ ನರಕ್ಕೆ ಕಳೆದ ತಿಂಗಳು ಕೊನೆಗೂ ಚಿಕಿತ್ಸೆಯಾಯಿತು. ಕೊಯ್ಯಲಿಲ್ಲ, ಹೊಲಿಯಲಿಲ್ಲ. ಕಾಲು ಮರಗಟ್ಟಿಸಿ, ಸೂಜಿ ಚುಚ್ಚಿದಲ್ಲಿಂದ ದಾರದಂಥ ನಳಿಕೆ ತೂರಿಸಿ, ಅದರ ತುದಿಯ ಬಿಸಿಯಿಂದ ಕೆಟ್ಟ ರಕ್ತನಾಳವನ್ನು ಒಳಗೊಳಗೇ ಮುಚ್ಚಿಬಿಟ್ಟರು. ರಕ್ತ ಬೇರೆ ಒಳ್ಳೆಯ ನಾಳಗಳಲ್ಲಿ ದಾರಿ ಮಾಡಿಕೊಳ್ಳುತ್ತದಂತೆ. ಬದುಕಿಡೀ ಬಿಸಿ ಹಿಡಿದು ಊರವರ ಸುಕ್ಕು ಬಿಡಿಸಿದವಳಿಗೆ ಬಿಸಿಯೇ ಮದ್ದಾಯಿತು ನೋಡು. ಅದೇ ಸಂಜೆ ಬಿಗಿ ಕಾಲುಚೀಲ ತೊಟ್ಟು ನಡೆದೇ ಮನೆಗೆ ಬಂದೆ.

ಚಿಕಿತ್ಸೆಗೆ ಮೊದಲು ಡಾಕ್ಟರಮ್ಮ ನನ್ನನ್ನು ನಿಲ್ಲಿಸಿ ಕಾಲಿನ ಮೇಲೆ ಪೆನ್ನಿನಿಂದ ಗುರುತು ಹಾಕಿದರು. ನನಗೆ ನಗು ತಡೆಯಲಾಗಲಿಲ್ಲ. "ನನ್ನ ಮಗಳು ನಿಮಗಿಂತ ಮೊದಲೇ ಇಲ್ಲಿ ಗೀಚಿದಾಳೆ" ಅಂದೆ. ಚಿಕ್ಕವಳಿದ್ದಾಗ ಪೆನ್ನು ಹಿಡಿದು ಇಸ್ತ್ರಿ ಮೇಜಿನ ಕೆಳಗೆ ಕೂತಿರುತ್ತಿದ್ದೆಯಲ್ಲ, ಆ ನರ ನಿನಗೆ ಹೊಳೆ, ಹಿಮ್ಮಡಿಯ ಮೇಲಿನ ಗಂಟು ಗುಡ್ಡ, ಯಾರದೋ ಅಂಗಿಯಿಂದ ಉದುರಿದ ಗುಂಡಿಯೇ ದೋಣಿ. ದೋಣಿ ಮೊಣಕಾಲು ಮುಟ್ಟುವಷ್ಟರಲ್ಲಿ ನಿನಗೆ ನಿದ್ದೆ. ನಿನಗೆ ಎಚ್ಚರವಾದೀತೆಂದು ಕಾಲು ಕದಲಿಸದೆ ರಾಶಿ ಬಟ್ಟೆ ಮುಗಿಸುತ್ತಿದ್ದೆ. ಇಷ್ಟು ವರ್ಷ ನೋವು ನುಂಗಿಕೊಂಡದ್ದು ಬರೀ ಹೆದರಿಕೆಯಿಂದಲ್ಲ. ಆ ಹೊಳೆ ಹೋದರೆ ಮೇಜಿನ ಕೆಳಗಿನ ನೀನೂ ಹೋದೀಯೆ ಅನ್ನಿಸುತ್ತಿತ್ತು. ಈಗ ಉಬ್ಬು ಇಳಿದಿದೆ. ಸವರಿದರೆ ಅಲ್ಲಿ ಬರೀ ಕಾಲು. ಸ್ವಲ್ಪ ಅತ್ತೆ. ಆದರೆ ಕಾಲು ಸೆಳೆಯದೆ ನಿದ್ದೆ ಬರುತ್ತಿದೆ, ಅದೂ ನಿಜ.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ. ಎರಡು ಗೆರೆಯ ವಿಷಯ ಬರೆಯಬೇಡ ಎಂದೂ ಹೇಳಿದ್ದಾರೆ. ನೂರು ಕಾಲ ಸುಖವಾಗಿರು.

ನಿನ್ನ
ಅಮ್ಮ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಹೋದ ಸಲ ಬಂದಾಗ ನೀನು ಆ ಸೆಕೆಯಲ್ಲೂ ಕಾಲುಚೀಲ ಹಾಕಿಕೊಂಡೇ ಮಲಗಿದ್ದೆ. ನಿದ್ದೆಯಲ್ಲಿ ಒಂದು ಜಾರಿತ್ತು. ಹೆತ್ತವಳ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ನನ್ನ ಹೊಳೆ ನಿನ್ನ ಕಾಲಿಗೂ ಇಳಿದಿದೆ. ಅದಕ್ಕೇ ನಾನು ಮೊದಲು ಹೋಗಿ ಮಲಗಿ ನೋಡಿದ್ದು. ಅಷ್ಟೇನೂ ನೋಯುವುದಿಲ್ಲ ಪುಟ್ಟೀ. ಬಾ.