ಕೊಣ್ಣೂರ ಬಾಯಿಯವರ ಕೊನೆಯ ಸಾಲು

ಧಾರವಾಡ, ೨೨೩೧ರ ಫೆಬ್ರವರಿ ೩೦

ಡಾ. ವಿಮಲಾ ಕೊಣ್ಣೂರ ಅವರಿಗೆ,

ತಾರೀಖು ತಪ್ಪಿಲ್ಲ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸರಿಸಮ ಮಾಡಿದ್ದಾರೆ, ಫೆಬ್ರವರಿಗೂ ಮೂವತ್ತು ದಿನ ಬಂದಿವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪುಸ್ತಕಗಳಿಂದ ಕಲಿತೆ. ಮಾತು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಒರಟಾಗಿ ಕಂಡರೆ ಕ್ಷಮಿಸಬೇಕಾಗಿಲ್ಲ, ಅದು ಬೇಕೆಂದೇ ಬರೆದದ್ದು. ಕಳೆದ ಕಾಲಕ್ಕೆ ಹೋಗುವ ಟಪಾಲಿಗೆ ನಾವು ಹಿಂದಂಚೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ, ಉತ್ತರ ಬರುವುದಿಲ್ಲ. ಎಲ್ಲರೂ ತೀರಿಹೋದ ಅಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ನಾನು ನಿಮ್ಮ ಹೆಸರು ಬರೆದದ್ದನ್ನು ನೋಡಿ ಮಗಳು ತಂಗೆವ್ವ, "ಇರೋದ ಒಂದ ಕಾಗದ. ಅದನ್ನೂ ಆಕೀಗೇ ಬರೀತೀಯೇನಪಾ?" ಎಂದಳು. ನಮ್ಮ ಮನೆಯಲ್ಲಿ 'ಆಕಿ' ಎಂದರೆ ನೀವೇ.

ಇಲ್ಲಿ ಸಂಶೋಧಕರಾಗಲು ಪದವಿ ಬೇಕಿಲ್ಲ. ಊರ ನಡುವೆ ಉತ್ತರಕಟ್ಟೆ ಇದೆ. ಬೇವಿನ ಮರದ ಕೆಳಗಿನ ಸಾದಾ ಕಲ್ಲುಕಟ್ಟೆ, ಅದರ ಹಿಂದೆ ಇದುವರೆಗಿನ ಎಲ್ಲ ಪ್ರಬಂಧಗಳನ್ನೂ ಬಲ್ಲ ಒಂದು ಗೋಡೆ. ಯಾರೂ ಉತ್ತರಿಸದ ಪ್ರಶ್ನೆ ಕೇಳಿದರೆ ಗೋಡೆ ಸುಮ್ಮನಿರುತ್ತದೆ, ಕೇಳಿದವರಿಗೆ ಪ್ರಯೋಗಾಲಯದ ಬೀಗದಕೈ ಸಿಗುತ್ತದೆ, ಓಣಿಗೆಲ್ಲ ಪೇಡಾ ಹಂಚುತ್ತಾರೆ. ಉತ್ತರ ಮೊದಲೇ ಇದ್ದರೆ ಗೋಡೆ ಅದನ್ನು ಓದಿ, ಉತ್ತರಿಸಿದವರ ಹೆಸರು ಹೇಳುತ್ತದೆ. ಮೂರೇ ಅವಕಾಶ. ತಂಗೆವ್ವನ ಎರಡು ಮುಗಿದಿವೆ. ಎಕ್ಸ್-ರೇ ಕೋಣೆಯಲ್ಲಿ ದುಡಿದವರ ರಕ್ತದಲ್ಲಿ ವರ್ಣತಂತುಗಳ ಮುರಿತ ಎಷ್ಟು ಕಾಲ ಉಳಿಯುತ್ತದೆ ಎಂದು ಮೊದಲು ಕೇಳಿದಳು. "ಕೊಣ್ಣೂರ" ಎಂದಿತು ಗೋಡೆ. ಮುರಿದ ತುಂಡು ತಪ್ಪು ಜೋಡಿಗೆ ಅಂಟಿದರೂ ಕೆಲವರಿಗೆ ಕ್ಯಾನ್ಸರ್ ಏಕೆ ಬರುವುದಿಲ್ಲ ಎಂದು ಆಮೇಲೆ ಕೇಳಿದಳು. ಮತ್ತೆ ಕೊಣ್ಣೂರ. ಪಕ್ಕದ ಮನೆಯ ಮೆಹಬೂಬಿ, "ಗುರಸಿದ್ದಣ್ಣಾ, ಪೇಡಾ ಯಾವಾಗ ತಿನಸ್ತೀ? ನನ್ನ ಹಲ್ಲೆಲ್ಲಾ ಉದುರಿದ ಮ್ಯಾಲೇನು?" ಎಂದು ಇಡೀ ಓಣಿಗೆ ಕೇಳುವಂತೆ ಕೇಳಿದಳು.

ಆ ಎರಡನೆಯದಕ್ಕೆ ನೀವು ಉತ್ತರಿಸಿಯೇ ಇರಲಿಲ್ಲ. ಅದೇ ನನ್ನ ಹೊಟ್ಟೆಯೊಳಗಿನ ಬೆಂಕಿ. ಪ್ರಬಂಧದ ಕೊನೆಯ ಸಾಲಿನಲ್ಲಿ "ಬಹುಶಃ" ಎಂದು ಶುರುಮಾಡಿ ಒಂದು ಊಹೆ ತೇಲಿಬಿಟ್ಟಿರಿ. ನಿಮ್ಮ ಕಾಲದ ವಿಜ್ಞಾನಿಗಳಿಗೆ ಅದೊಂದು ಚಾಳಿ, ಊಟದ ಮೇಲೆ ಎಲೆಅಡಿಕೆ ಹಾಕಿಕೊಂಡ ಹಾಗೆ. ನಮ್ಮ ಗೋಡೆಗೆ ಊಹೆಯೂ ಒಂದೇ, ಉತ್ತರವೂ ಒಂದೇ. ಅದನ್ನು ಬದಲಿಸಿ ಎಂದು ಗೋಡೆಯನ್ನು ನೋಡಿಕೊಳ್ಳುವ ಸಭೆಗೆ ನಾನು ಬರೆದ ಅರ್ಜಿಗಳನ್ನು ಯಾರೂ ಓದಲಿಲ್ಲ.

ನಿಮ್ಮ ಬದುಕನ್ನು ಓದಿದಷ್ಟೂ ಉರಿ ಹೆಚ್ಚಾಗುತ್ತದೆ. ವರ್ಣತಂತುಗಳ ಫೋಟೋ ತೆಗೆದು, ಕತ್ತರಿಯಿಂದ ಒಂದೊಂದನ್ನೂ ಬಿಡಿಸಿ, ಜೋಡಿ ಹುಡುಕಿ ರಟ್ಟಿನ ಮೇಲೆ ಅಂಟಿಸುತ್ತಿದ್ದಿರಂತೆ. ಒಮ್ಮೆ ಯಾರೋ ಫ್ಯಾನ್ ಹಾಕಿ ತುಂಡುಗಳೆಲ್ಲ ಹಾರಿಹೋಗಿ, ನೀವೂ ವಿದ್ಯಾರ್ಥಿಗಳೂ ಮೇಜಿನಡಿ ತೆವಳಿದಿರಂತೆ. ಇಲ್ಲಿ ಎಳೆಗಣ್ಣು ಎಂಬ ಯಂತ್ರ ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ಎಲ್ಲವನ್ನೂ ಓದಿಬಿಡುತ್ತದೆ. ಒಂದು ವರ್ಣತಂತುವನ್ನು ಮೇಜಿನಡಿ ಕಳೆದುಕೊಳ್ಳುವ ಭಾಗ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಒಬ್ಬ ಮೇಲಧಿಕಾರಿ ನಿಮ್ಮನ್ನು, "ಈ ಮುರದ ಕಡ್ಡಿ ಎಣಿಸಿ ಏನ್ ಮಾಡ್ತೀರಿ ಬಾಯಾರ?" ಎಂದು ಕೇಳಿದಾಗ, "ಗೊತ್ತಿಲ್ರೀ. ಅದಕ್ಕ ಎಣಸಾಕತ್ತೀನಿ" ಎಂದಿರಂತೆ. ಗೊತ್ತಿಲ್ಲ ಎಂದು ಹೇಳಿ ಸಂಬಳ ಪಡೆದವರು ನೀವು. ಆ ಸುಖವನ್ನೆಲ್ಲ ನೀವೇ ಉಂಡಿರಿ.

ಈ ಕಾಗದ ನಿಮಗೆ ೨೦೨೬ರ ಬೇಸಿಗೆಯಲ್ಲಿ ಸಿಗುತ್ತದೆ. ನಿವೃತ್ತಿ ಹತ್ತಿರವಾಗಿದೆ. ಹುಟ್ಟಿನಿಂದಲೇ ವರ್ಣತಂತುಗಳು ತಾವಾಗಿ ಮುರಿಯುವ ಮಕ್ಕಳ ರಕ್ತದ ಸ್ಲೈಡುಗಳು ನಿಮ್ಮ ಕಪಾಟಿನಲ್ಲಿವೆ, ಅವನ್ನು ತೆಗೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೀರಿ. ತೆಗೆಯುತ್ತೀರಿ. ಆ ಮಕ್ಕಳ ಹೊಸ ರಕ್ತವನ್ನೂ ತರಿಸಿ, ಜೀವಕೋಶ ಒಡೆದು ಎರಡಾಗುವ ಓಟವನ್ನು ತಡೆದರೆ ಮುರಿದ ತುದಿಗಳು ತಮ್ಮ ಜೋಡಿಯನ್ನು ತಾವೇ ಹುಡುಕಿಕೊಳ್ಳುತ್ತವೆ ಎಂದು ತೋರಿಸುತ್ತೀರಿ. ತೆಗೆಯಬೇಡಿ, ನನ್ನ ಮಗಳಿಗೆ ಬಿಡಿ ಎಂದು ಕೇಳಲಿಕ್ಕೇ ನಾನು ಈ ಕಾಗದ ಹಿಡಿದದ್ದು. ಆದರೆ ನಿಮ್ಮ ಆ ಕೆಲಸದಿಂದ ಹುಟ್ಟಿದ ಹನಿಯೌಷಧಿಗೆ ನಾವು ನಿಧಾನಿ ಎನ್ನುತ್ತೇವೆ. ತಂಗೆವ್ವ ಅಂಥದೇ ಮಗು. ಹುಟ್ಟಿದ ದಿನವೇ ಅವಳ ನಾಲಿಗೆಗೆ ಅದನ್ನು ಹಾಕಿದ್ದರಿಂದ ರಕ್ತದ ಕ್ಯಾನ್ಸರ್ ಬರಲಿಲ್ಲ. ನನ್ನ ಯೋಚನೆ ತಿಳಿದು ಅವಳು ನಕ್ಕಳು. "ಆಕಿ ಕಪಾಟ ತಗೀಲಿಲ್ಲಂದ್ರ ನಾಳೆ ಕಟ್ಟಿ ಮುಂದ ನಿಂದರೋರ್ ಯಾರಪಾ, ನೀನೇನು?"

ಹಾಗಾಗಿ ಕಪಾಟು ತೆಗೆಯಿರಿ. ಮಕ್ಕಳು ಬದುಕಲಿ. ಹೆಸರೂ ನಿಮಗೇ ಇರಲಿ, ಈ ಮಾತನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ ಎಂಬುದು ಬೇರೆ ಮಾತು. ಓಟ ತಡೆದ ಮೇಲೂ ಕೆಲವು ತುದಿಗಳು ಒಂಟಿಯಾಗಿ ಉಳಿಯುವುದನ್ನು ನೀವು ಕಾಣುತ್ತೀರಿ. ಏಕೆಂದು ನಿಮಗೆ ತಿಳಿಯುವುದಿಲ್ಲ. ಪ್ರಬಂಧ ಮುಗಿಸಿ, ಚಹಾ ತರಿಸಿ, ಕೈ ಸುಮ್ಮನಿರದೆ ಅಲ್ಲೊಂದು "ಬಹುಶಃ" ಬರೆಯಲು ಹೋಗುತ್ತೀರಿ. ಆ ತುದಿಗಳು ಏಕೆ ಒಂಟಿಯಾಗಿ ಉಳಿಯುತ್ತವೆ ಎಂಬುದನ್ನೇ ನಾಳೆ ಬೆಳಿಗ್ಗೆ ನನ್ನ ಮಗಳು ತನ್ನ ಕೊನೆಯ ಅವಕಾಶದಲ್ಲಿ ಗೋಡೆಯನ್ನು ಕೇಳಲಿದ್ದಾಳೆ. ಆಗ ಪೆನ್ನು ಕೆಳಗಿಡಿ, ಬಾಯಾರ. ಗೊತ್ತಿಲ್ಲ ಎಂದಷ್ಟೇ ಬರೆದು ಎದ್ದುಬಿಡಿ.

ನಿಮ್ಮನ್ನು ಕಂಡರಾಗದ, ನಿಮ್ಮದನ್ನೆಲ್ಲ ಓದಿದ,
ಗುರಸಿದ್ದಪ್ಪ ಅಮ್ಮಿನಭಾವಿ